ಫಾಲ್ಟ್ ರಿಜಿಸ್ಟರ್ ಏನೇನೋ ತೋರಿಸುತ್ತಿದ್ದರೆ ಗೇಟ್ ಡ್ರೈವರ್ ಕೀಳುವ ಮೊದಲು ಇದನ್ನು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಜೊತೆ ಡಿಆರ್‌ವಿ8323ಎಸ್ ಗೇಟ್ ಡ್ರೈವರ್ (ಮೋಟರ್‌ಗೆ ಕರೆಂಟ್ ಬಿಡುವ ಆರು ಮಾಸ್‌ಫೆಟ್ ಸ್ವಿಚ್‌ಗಳನ್ನು ಆಡಿಸುವ ಚಿಪ್) ಹಾಕಿದ್ದೀರಿ. ತೊಂದರೆ ಇದೆ ಅಂತ ಹೇಳುವ ಎನ್‌ಫಾಲ್ಟ್ ಪಿನ್ ಆಗಾಗ ಲೋ ಆಗುತ್ತದೆ. ಎರಡು ಚಿಪ್‌ಗಳು ಮಾತಾಡಿಕೊಳ್ಳುವ ಎಸ್‌ಪಿಐ ವೈರ್‌ಗಳಲ್ಲಿ ಫಾಲ್ಟ್ ಸ್ಟೇಟಸ್ ರಿಜಿಸ್ಟರ್ (ಚಿಪ್ ತನ್ನ ತೊಂದರೆಗಳನ್ನು ಬರೆದಿಡುವ ಜಾಗ) ಓದಿದರೆ ಒಮ್ಮೆ ಹೆಕ್ಸ್ 7ಎಫ್‌ಎಫ್ ಬರುತ್ತದೆ, ಇನ್ನೊಮ್ಮೆ ಬರೀ ಸೊನ್ನೆ. ಚಿಪ್ ಸುಟ್ಟಿದೆಯಾ, ಬದಲಾಯಿಸಬೇಕಾ ಅಂತ ಕೇಳಿದ್ದೀರಿ.

ದಯವಿಟ್ಟು ಈಗಲೇ ಕೀಳಬೇಡಿ. ಅಡಿಯಲ್ಲಿ ಪ್ಯಾಡ್ ಇರುವ ಚಿಪ್ ಅದು, ತೆಗೆಯುವಾಗ ಬೋರ್ಡೇ ಹಾಳಾಗಬಹುದು. ನೀವು ಓದುತ್ತಿರುವ ಅಂಕಿಯನ್ನು ನಂಬಬಹುದಾ ಅನ್ನುವುದು ಮೊದಲು ಗೊತ್ತಾಗಬೇಕು.

7ಎಫ್‌ಎಫ್ ಅಂದರೆ 11 ಬಿಟ್ಟುಗಳೂ ಒಂದು. ಆರೂ ಮಾಸ್‌ಫೆಟ್‌ಗಳಲ್ಲಿ ಓವರ್‌ಕರೆಂಟ್, ಗೇಟ್ ಡ್ರೈವ್ ಫಾಲ್ಟ್, ಅಂಡರ್‌ವೋಲ್ಟೇಜ್, ಬಿಸಿಯಾಗಿ ಶಟ್‌ಡೌನ್, ಎಲ್ಲವೂ ಒಟ್ಟಿಗೇ ಆಗಿದೆ ಅಂತ ಅರ್ಥ. ನಿಂತಿರುವ ಮೋಟರ್‌ನಲ್ಲಿ ಇದು ಆಗುವ ಮಾತಲ್ಲ. ಡ್ರೈವರ್ ಉತ್ತರ ಕಳಿಸುವ ಎಸ್‌ಡಿಒ ಲೈನನ್ನು ಅದು ಕೆಳಗೆ ಎಳೆಯುತ್ತಲೇ ಇಲ್ಲ, ಪುಲ್‌ಅಪ್ ರೆಸಿಸ್ಟರ್ ಆ ಲೈನನ್ನು ಮೇಲೇ ಇಟ್ಟಿದೆ, ಅಷ್ಟೇ. ಸೊನ್ನೆಯನ್ನೂ ಹಾಗೇ ಅನುಮಾನದಿಂದ ನೋಡಿ. 10ನೇ ಬಿಟ್ ಎರಡೂ ಸ್ಟೇಟಸ್ ರಿಜಿಸ್ಟರ್‌ಗಳ ಫಾಲ್ಟ್‌ಗಳನ್ನು ಒಟ್ಟು ಸೇರಿಸಿ ಹೇಳುವ ಬಿಟ್. ಎನ್‌ಫಾಲ್ಟ್ ಲೋ ಇರುವಾಗಲೇ ಅದು ಸೊನ್ನೆ ಅಂದರೆ ಎಲ್ಲೋ ಲೆಕ್ಕ ತಪ್ಪಿದೆ.

ಮೊದಲು ಎನೇಬಲ್ ಪಿನ್ ನೋಡಿ. ಅದು ಲೋ ಇದ್ದರೆ ಚಿಪ್ ನಿದ್ದೆಯಲ್ಲಿರುತ್ತದೆ, ಎಸ್‌ಪಿಐ ಕೆಲಸ ಮಾಡುವುದಿಲ್ಲ. ಹೈ ಮಾಡಿದ ಮೇಲೂ ಏಳುವುದಕ್ಕೆ 1 ಮಿಲಿಸೆಕೆಂಡ್ ತನಕ ಬೇಕು. ಆ ಹೊತ್ತಿನಲ್ಲಿ ಎನ್‌ಫಾಲ್ಟ್ ಲೋ ಇರುವುದು ಸಹಜ, ಅದು ಫಾಲ್ಟ್ ಅಲ್ಲ. ನಾನಂತೂ 2 ಮಿಲಿಸೆಕೆಂಡ್ ಕಾದೇ ಮೊದಲ ಫ್ರೇಮ್ (16 ಬಿಟ್ಟುಗಳ ಒಂದು ಸಂದೇಶ) ಕಳಿಸುತ್ತೇನೆ.

ಆಮೇಲೆ ಫಾಲ್ಟ್ ರಿಜಿಸ್ಟರ್ ಪಕ್ಕಕ್ಕಿಟ್ಟು, ಉತ್ತರ ಮೊದಲೇ ಗೊತ್ತಿರುವ ರಿಜಿಸ್ಟರ್ ಓದಿ. ನನಗೆ ಇಷ್ಟವಾದದ್ದು 6ನೆಯದು, ಕರೆಂಟ್ ಸೆನ್ಸ್ ಆಂಪ್ಲಿಫೈಯರ್‌ನದ್ದು. ಚಿಪ್ ಎದ್ದ ತಕ್ಷಣ ಅದರಲ್ಲಿ ಹೆಕ್ಸ್ 283 ಇರುತ್ತದೆ. ಓದುವುದಕ್ಕೆ ಕಳಿಸಬೇಕಾದ ಪದ ಹೆಕ್ಸ್ ಬಿ000: ಮೊದಲ ಬಿಟ್ 1 ಅಂದರೆ ರೀಡ್, ನಂತರ 4 ಬಿಟ್ ವಿಳಾಸ, ಉಳಿದ 11 ಡೇಟಾ. ಉತ್ತರ ಅದೇ ಫ್ರೇಮ್‌ನ ಕೊನೆಯ 11 ಬಿಟ್ಟುಗಳಲ್ಲೇ ಬರುತ್ತದೆ. ಮೊದಲ 5 ಬಿಟ್ಟುಗಳನ್ನು ಮಾಸ್ಕ್ ಮಾಡಿ ಬಿಸಾಕಿ.

283 ಬಂದರೆ ಎಸ್‌ಪಿಐ ಸರಿ ಇದೆ. ಬರದಿದ್ದರೂ ಬಂದ ಅಂಕಿಯೇ ತಪ್ಪು ಎಲ್ಲಿದೆ ಅಂತ ಹೇಳಿಬಿಡುತ್ತದೆ. 283ರ ಬಿಟ್ಟುಗಳು ಹೀಗಿವೆ: 010 1000 0011.

ಹೆಕ್ಸ್ 141 ಬಂದರೆ ಎಲ್ಲ ಬಿಟ್ಟುಗಳೂ ಒಂದು ಮನೆ ಬಲಕ್ಕೆ ಜಾರಿವೆ, ಅಂದರೆ ಕ್ಲಾಕ್ ಫೇಸ್ (ಕ್ಲಾಕ್‌ನ ಯಾವ ಅಂಚಿನಲ್ಲಿ ಬಿಟ್ ಓದಬೇಕು ಅನ್ನುವುದು) ತಪ್ಪಿದೆ. (ತೀರಾ ಮೇಲಿನ ಬಿಟ್ ಏನಾದರೂ ಇರಬಹುದು, ಅದನ್ನು ಲೆಕ್ಕಕ್ಕೆ ತಗೋಬೇಡಿ.) ಈ ಡ್ರೈವರ್ ಕ್ಲಾಕ್ ಏರುವಾಗ ಬಿಟ್ ಬದಲಿಸುತ್ತದೆ, ಇಳಿಯುವಾಗ ಓದುತ್ತದೆ. ಹಾಗಾಗಿ ಬೇಕಾಗಿರುವುದು ಮೋಡ್ 1. ಎಸ್‌ಟಿಎಂ32 ಸೆಟ್ಟಿಂಗ್ ಮಾಡುವ ಕ್ಯೂಬ್‌ಎಂಎಕ್ಸ್‌ನಲ್ಲಿ ಪೊಲಾರಿಟಿ ಲೋ, ಫೇಸ್ ಎರಡನೇ ಎಡ್ಜ್. ಸುಮ್ನೆ ಹಾಗೇ ಬಿಟ್ಟರೆ ಮೊದಲನೇ ಎಡ್ಜ್ ಇರುತ್ತದೆ, ತುಂಬಾ ಜನ ಸಿಕ್ಕಿಕೊಳ್ಳುವುದು ಇಲ್ಲೇ.

001 ಬಂದರೆ ಕಥೆ ಬೇರೆ. ಒಂಟಿಯಾಗಿ ನಿಂತ 1ಗಳೆಲ್ಲ ಮಾಯ, ಕೊನೆಯ ಜೋಡಿಯಲ್ಲಿ ಎರಡನೆಯದು ಮಾತ್ರ ಉಳಿದಿದೆ. ಎಸ್‌ಡಿಒ ಓಪನ್ ಡ್ರೈನ್ ಪಿನ್. ಡ್ರೈವರ್ ಅದನ್ನು ಕೆಳಗೆ ಎಳೆಯುತ್ತದೆಯೇ ಹೊರತು ಮೇಲೆ ಎತ್ತುವುದಿಲ್ಲ, ಎತ್ತುವ ಕೆಲಸ ರೆಸಿಸ್ಟರ್‌ನದ್ದು. ಎಸ್‌ಟಿಎಂ32 ಒಳಗಿನ ಪುಲ್‌ಅಪ್ ಸುಮಾರು 40 ಕಿಲೋಓಮ್. ಲೈನಿನಲ್ಲಿ 30 ಪಿಕೋಫ್ಯಾರಡ್ ಇದ್ದರೆ ಟೈಮ್ ಕಾನ್‌ಸ್ಟಂಟ್ (ಲೈನ್ ಎಷ್ಟು ನಿಧಾನ ಏರುತ್ತದೆ ಅನ್ನುವ ಅಳತೆ) 1.2 ಮೈಕ್ರೋಸೆಕೆಂಡ್. 1 ಮೆಗಾಹರ್ಟ್ಸ್‌ನಲ್ಲಿ ಒಂದು ಬಿಟ್ಟಿಗೆ ಸಿಗುವುದೇ 1 ಮೈಕ್ರೋಸೆಕೆಂಡ್, ಅದರಲ್ಲೂ ಓದುವುದು ಅರ್ಧಕ್ಕೆ. ಲೈನ್ ಮೇಲೇರುವುದರೊಳಗೆ ಓದಿ ಮುಗಿದಿರುತ್ತದೆ. ಸ್ಕೋಪ್ ಹಿಡಿದರೆ ಎಸ್‌ಡಿಒ ಚೌಕಾಕಾರದಲ್ಲಿ ಕಾಣಿಸುವುದಿಲ್ಲ, ಶಾರ್ಕ್ ರೆಕ್ಕೆಯ ಹಾಗೆ ಬಾಗಿಕೊಂಡು ಏರುತ್ತದೆ. ಹೊರಗಿನಿಂದ 3.3 ವೋಲ್ಟಿಗೆ 2.2 ಕಿಲೋಓಮ್ ಹಾಕಿ, ಕ್ಲಾಕನ್ನು 1 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿಸಿ. ಡೇಟಾಶೀಟ್ 10 ಮೆಗಾಹರ್ಟ್ಸ್ ತನಕ ಬಿಡುತ್ತದೆ, ಆದರೆ ಫಾಲ್ಟ್ ಓದುವುದಕ್ಕೆ ಅಷ್ಟು ವೇಗ ಯಾಕೆ ಬೇಕು?

ಚಿಪ್ ಸೆಲೆಕ್ಟನ್ನೂ (ಈಗ ಮಾತು ಈ ಚಿಪ್‌ಗೆ ಅಂತ ಹೇಳುವ ಲೈನ್) ನೋಡಿ. 16 ಕ್ಲಾಕ್ ಮುಗಿಯುವ ತನಕ ಅದು ಲೋ ಇರಬೇಕು, ಎರಡು ಫ್ರೇಮ್‌ಗಳ ನಡುವೆ ಕನಿಷ್ಠ 400 ನ್ಯಾನೋಸೆಕೆಂಡ್ ಹೈ ಆಗಬೇಕು. ಎರಡು ಬೈಟ್‌ಗಳ ಮಧ್ಯೆ ಮೇಲೆತ್ತಿದರೆ ಫ್ರೇಮ್ ಮುರಿಯಿತು ಅಂತಲೇ ಅರ್ಥ. ಎಸ್‌ಟಿಎಂ32 ತಾನೇ ಈ ಲೈನ್ ಆಡಿಸುವ ಹಾರ್ಡ್‌ವೇರ್ ಎನ್‌ಎಸ್‌ಎಸ್ ನೆಚ್ಚಿಕೊಳ್ಳದೆ ಮಾಮೂಲಿ ಜಿಪಿಐಒ ಪಿನ್‌ನಿಂದ ನೀವೇ ಆಡಿಸಿ.

ಈಗ 283 ಸರಿಯಾಗಿ ಬರುತ್ತಿದೆ ಅಂತ ಇಟ್ಟುಕೊಳ್ಳೋಣ. ಎನ್‌ಫಾಲ್ಟ್ ಲೋ ಆಗಿದ್ದು ನೀವೇ ನೋಡಿದ್ದೀರಿ, ಆದರೂ ಓದಿದರೆ ಸೊನ್ನೆ. ಇದಕ್ಕೆ ಪಕ್ಕಾ ಕಾರಣ ಒಂದಿದೆ. ಓವರ್‌ಕರೆಂಟ್ ಆದಾಗ ಈ ಚಿಪ್ ತಾನಾಗಿಯೇ ಮತ್ತೆ ಪ್ರಯತ್ನಿಸುವ ಮೋಡ್‌ನಲ್ಲಿ ಹುಟ್ಟುತ್ತದೆ. 4 ಮಿಲಿಸೆಕೆಂಡ್ ಕಾದು ಪುನಃ ಶುರು ಮಾಡುತ್ತದೆ, ಫಾಲ್ಟ್ ಬಿಟ್ಟುಗಳು ನಿಲ್ಲುವುದೂ ಅಷ್ಟೇ ಹೊತ್ತು. ನಿಮ್ಮ ಕೋಡ್ 10 ಮಿಲಿಸೆಕೆಂಡಿಗೊಮ್ಮೆ ಓದುತ್ತಿದ್ದರೆ ಎಷ್ಟೋ ಸಲ ಎಲ್ಲ ಅಳಿಸಿಹೋದ ಮೇಲೆ ಹೋಗಿರುತ್ತೀರಿ. ಹುಡುಕಾಟ ಮುಗಿಯುವ ತನಕ ಲ್ಯಾಚ್ ಮೋಡ್‌ಗೆ ಹಾಕಿ. 5ನೇ ರಿಜಿಸ್ಟರ್‌ನ ಡೀಫಾಲ್ಟ್ ಹೆಕ್ಸ್ 159, ಅದನ್ನು ಹೆಕ್ಸ್ 119 ಮಾಡಬೇಕು. ಕಳಿಸಬೇಕಾದ ಪದ ಹೆಕ್ಸ್ 2919. ಫಾಲ್ಟ್ ಬಂದ ಮೇಲೆ ನೀವು ಅಳಿಸುವ ತನಕ ಅಲ್ಲೇ ನಿಲ್ಲುತ್ತದೆ.

ಓದುವಾಗ 0 ಮತ್ತು 1 ಎರಡೂ ರಿಜಿಸ್ಟರ್ ಓದಿ, ಪದಗಳು ಹೆಕ್ಸ್ 8000 ಮತ್ತು 8800. ಚಾರ್ಜ್ ಪಂಪ್ ವೋಲ್ಟೇಜ್ ಬಿದ್ದಿದ್ದು, ಗೇಟ್ ಫಾಲ್ಟ್ ಯಾವ ಮಾಸ್‌ಫೆಟ್‌ನದ್ದು ಅನ್ನುವುದು, ಎರಡೂ ಇರುವುದು 1ರಲ್ಲಿ. ಮೊದಲು ಓದಿ ಎಲ್ಲಾದರೂ ಉಳಿಸಿಕೊಳ್ಳಿ, ಆಮೇಲಷ್ಟೇ 2ನೇ ರಿಜಿಸ್ಟರ್‌ನ 0ನೇ ಬಿಟ್‌ನಿಂದ ಫಾಲ್ಟ್ ಅಳಿಸಿ.

ಮೋಟರ್ ನಿಂತಾಗ ಸರಿ, ತಿರುಗಿದಾಗ ಮಾತ್ರ ತಪ್ಪು ಬರುತ್ತಿದ್ದರೆ ಫಾಲ್ಟ್ ಆದ ಕ್ಷಣದಲ್ಲಿ 5 ಮತ್ತು 6ನ್ನೂ ಓದಿಸಿ. 119 ಹೋಗಿ 159 ಬಂದಿದ್ದರೆ ಚಿಪ್ ರೀಸೆಟ್ ಆಗಿದೆ. ಎನೇಬಲ್ ಲೈನಿನಲ್ಲಿ ನಾಯ್ಸ್ ಇದೆ, ಇಲ್ಲವೇ ಸಪ್ಲೈ ಕುಸಿಯುತ್ತಿದೆ. ಪ್ರತಿ ಸಲ ಒಂದೊಂದು ಅಂಕಿ ಬಂದರೆ ಎಸ್‌ಪಿಐ ವೈರಿಗೇ ನಾಯ್ಸ್ ಹೊಕ್ಕಿದೆ. ವೈರ್ ಗಿಡ್ಡ ಮಾಡಿ, ಪಕ್ಕದಲ್ಲೇ ಒಂದು ಗ್ರೌಂಡ್ ವೈರ್ ಓಡಿಸಿ. 5, 6 ಎರಡೂ ಸರಿ ಇದ್ದು ಫಾಲ್ಟ್ ಬಿಟ್ ಮಾತ್ರ ಎದ್ದಿದ್ದರೆ ಅದನ್ನು ನಂಬಿ, ಅದು ನಿಜವಾದ ಫಾಲ್ಟೇ.

ಇಷ್ಟು ನೋಡಿ 0, 1, 5, 6 ನಾಲ್ಕೂ ರಿಜಿಸ್ಟರ್‌ಗಳ ಅಂಕಿ ಇಲ್ಲಿ ಹಾಕಿ, ಜೊತೆಗೆ ಎಸ್‌ಡಿಒ ಲೈನಿನ ಸ್ಕೋಪ್ ಫೋಟೋ ಒಂದು ಇರಲಿ. ಯಾವ ಮಾಸ್‌ಫೆಟ್ ಕಡೆ ನೋಡಬೇಕು ಅಂತ ಅದರಿಂದ ಹೇಳಬಹುದು.