ಜುಲೈ ಬಿಸಿಲು, ಎರಡು ವರ್ಷದ ಮಗು, ಸವಾನಾ ಪ್ರವಾಸ

ಪ್ರಶ್ನೆ: ನಾವು ಅಟ್ಲಾಂಟಾದಲ್ಲಿದ್ದೇವೆ. ಮಗನಿಗೆ ಎರಡು ವರ್ಷ ತುಂಬಿದೆ, ಒಂದು ಕಡೆ ಕೂರುವ ಪೈಕಿ ಅಲ್ಲ. ಹಾಸನದಿಂದ ನಮ್ಮತ್ತೆ ಬಂದಿದ್ದಾರೆ, ಆಗಸ್ಟ್‌ನಲ್ಲಿ ವಾಪಸ್ ಹೋಗುತ್ತಾರೆ. ನನಗೂ ಯಜಮಾನರಿಗೂ ಒಟ್ಟಿಗೆ ರಜೆ ಸಿಗುವುದು ಜುಲೈನಲ್ಲಿ ಮಾತ್ರ, ಅದೂ ಮೂರೇ ದಿನ. ನಮ್ಮ ಜಾರ್ಜಿಯಾದಲ್ಲೇ ಇರುವ ಸವಾನಾ ಊರು ನೋಡಬೇಕು ಅಂತ ತುಂಬಾ ಆಸೆ. ಆದರೆ ಗೆಳತಿಯರೆಲ್ಲ "ಆ ಸೆಕೆಗೆ ಮಗು ಕರ್ಕೊಂಡು ಹೋಗ್ತೀಯಾ?" ಅಂತ ಹೆದರಿಸುತ್ತಿದ್ದಾರೆ. ಅತ್ತೆಗೂ ಧೈರ್ಯ ಇಲ್ಲ. ಹೋಗಬಹುದಾ? ಹೋದರೆ ಹೇಗೆ?
— ಓದುಗರು, ಅಟ್ಲಾಂಟಾ

ಉತ್ತರ: ಹೋಗಿ ಬನ್ನಿ. ಆದರೆ ದಿನದ ಲೆಕ್ಕ ಬದಲಿಸಿಕೊಂಡು ಹೋಗಿ.

ಮೊದಲು ಸೆಕೆಯ ವಿಷಯ. ಜುಲೈನಲ್ಲಿ ಸವಾನಾದ ಮಧ್ಯಾಹ್ನ ಸುಮಾರು 33 ಡಿಗ್ರಿ ಸೆಲ್ಸಿಯಸ್, ನಿಮ್ಮಲ್ಲಿ ಹೇಳುವಂತೆ 92 ಫ್ಯಾರನ್‌ಹೀಟ್‌ನ ಆಸುಪಾಸು. ಈ ಅಂಕಿ ನೋಡಿ ಅತ್ತೆ "ಇಷ್ಟೇನಾ" ಅನ್ನಬಹುದು. ತೊಂದರೆ ಇರುವುದು ಗಾಳಿಯ ತೇವದಲ್ಲಿ. ಬೆವರು ಆರುವುದೇ ಇಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ದೊಡ್ಡವರಿಗೇ ಇದು ಕಷ್ಟ, ಮಕ್ಕಳ ಮೈ ನಮ್ಮದಕ್ಕಿಂತ ಬೇಗ ಬಿಸಿಯಾಗುತ್ತದೆ, ಮತ್ತು ಎರಡು ವರ್ಷದ ಮಗು ಆಟದ ಭರದಲ್ಲಿ ನೀರು ಬೇಕು ಅಂತ ಬಾಯಿಬಿಟ್ಟು ಕೇಳುವುದಿಲ್ಲ. ನೀವೇ ಆಗಾಗ ಎರಡೆರಡು ಗುಟುಕು ಕುಡಿಸುತ್ತಿರಬೇಕು. ಅತ್ತೆಗೂ ಅಷ್ಟೇ. ವಯಸ್ಸಾದವರಿಗೂ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಏಳೂವರೆಗೆಲ್ಲ ಬೀದಿಯಲ್ಲಿರಿ. ಹತ್ತೂವರೆಯವರೆಗೆ ಸುತ್ತಿ. ಆಮೇಲೆ ಎ.ಸಿ. ಇರುವ ಒಂದೇ ಒಂದು ಜಾಗ. ಊಟ ಮುಗಿಸಿ ಹೋಟೆಲಿಗೆ ಬಂದು ಮಗುವನ್ನು ಮಲಗಿಸಿ, ನೀವೂ ಮಲಗಿ. ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟೂವರೆಗೆ, ಆದ್ದರಿಂದ ಸಂಜೆ ಐದೂವರೆಗೆ ಹೊರಟರೂ ಮೂರು ಗಂಟೆ ಬೆಳಕು ಇರುತ್ತದೆ. ಮಧ್ಯಾಹ್ನ ಗುಡುಗು ಮಳೆ ಬರುವುದೂ ಸಾಮಾನ್ಯ. ಗುಡುಗು ಕೇಳಿಸಿದರೆ ಮರದ ಕೆಳಗೆ ನಿಲ್ಲಬೇಡಿ, ಯಾವುದಾದರೂ ಕಟ್ಟಡದ ಒಳಗೆ ಹೋಗಿ. ಮೂರು ದಿನದಲ್ಲಿ ಎಲ್ಲ ನೋಡಿ ಮುಗಿಸುತ್ತೇವೆ ಅನ್ನುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ.

ಇನ್ನು ನಾನು ಧೈರ್ಯವಾಗಿ ಹೋಗಿ ಅನ್ನುವುದಕ್ಕೆ ಕಾರಣ ಆ ಊರಿನ ನಕ್ಷೆ. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಈ ಊರು ಕಟ್ಟುವಾಗ ಮನೆಗಳ ಮಧ್ಯೆ ಮಧ್ಯೆ ಚೌಕ ಬಿಟ್ಟುಕೊಂಡು ಕಟ್ಟಿದ. ಊರು ಬೆಳೆದಂತೆ ಅದೇ ಲೆಕ್ಕದಲ್ಲಿ ಚೌಕಗಳೂ ಬೆಳೆದವು. ಒಟ್ಟು 24 ಆಗಿದ್ದವು, ಈಗ 22 ಉಳಿದಿವೆ. ಒಂದೊಂದೂ ಒಂದು ಸಣ್ಣ ಪಾರ್ಕು. ದೊಡ್ಡ ದೊಡ್ಡ ಲೈವ್ ಓಕ್ ಮರಗಳು, ನೆರಳು, ಬೆಂಚು. ಒಂದು ಚೌಕದಿಂದ ಇನ್ನೊಂದಕ್ಕೆ ನಮಗೆ ಎರಡು ಮೂರು ನಿಮಿಷದ ನಡಿಗೆ. ಮಗು ಸುಸ್ತಾಗಿ "ಎತ್ಕೋ" ಅನ್ನುವ ಹೊತ್ತಿಗೆ ಮುಂದಿನ ನೆರಳು ಬಂದೇ ಬಿಟ್ಟಿರುತ್ತದೆ. ಅಮೆರಿಕದಲ್ಲಿ ಕಾರಿಲ್ಲದೆ ಸಣ್ಣ ಮಗುವಿನ ಜೊತೆ ಹೀಗೆ ನಡೆದು ನೋಡಬಹುದಾದ ಹಳೇ ಊರುಗಳು ಜಾಸ್ತಿ ಇಲ್ಲ.

ಮೊದಲ ಬೆಳಿಗ್ಗೆ ಬುಲ್ ಸ್ಟ್ರೀಟ್ ಹಿಡಿಯಿರಿ. ಸಿಟಿ ಹಾಲ್ ಹತ್ತಿರ ಶುರು ಮಾಡಿದರೆ ಜಾನ್ಸನ್, ರೈಟ್, ಚಿಪೆವಾ, ಮ್ಯಾಡಿಸನ್, ಮಾಂಟೆರೆ ಅಂತ ಐದು ಚೌಕ ಸಾಲಾಗಿ ಸಿಗುತ್ತವೆ, ಕೊನೆಗೆ ಫೋರ್‌ಸೈತ್ ಪಾರ್ಕ್. ಎಲ್ಲ ಸೇರಿ ಸುಮಾರು ಒಂದು ಮೈಲಿ. ರೈಟ್ ಚೌಕದಲ್ಲಿ ಒಂದು ದೊಡ್ಡ ಬಂಡೆ ಇದೆ, ಅಲ್ಲಿ ಒಂದು ನಿಮಿಷ ನಿಲ್ಲಿ. ಈ ನೆಲದಲ್ಲಿ ಮೊದಲು ಇದ್ದ ಯಮಕ್ರಾ ಜನರ ಮುಖ್ಯಸ್ಥ ತೊಮೊಚಿಚಿಯ ನೆನಪಿಗೆ ಇಟ್ಟ ಬಂಡೆ ಅದು. ಅವರು ಜಾಗ ಬಿಟ್ಟುಕೊಡದೆ ಇದ್ದಿದ್ದರೆ ಓಗಲ್‌ಥಾರ್ಪ್‌ನ ನಕ್ಷೆ ಕಾಗದದಲ್ಲೇ ಉಳಿಯುತ್ತಿತ್ತು. ಫೋರ್‌ಸೈತ್‌ನಲ್ಲಿ 1858ರ ಬಿಳಿ ಕಾರಂಜಿ ಇದೆ, ಮಕ್ಕಳ ಆಟದ ಜಾಗವೂ ಇದೆ. ಜಾರುಬಂಡೆಯನ್ನು ಕೈಯಿಂದ ಮುಟ್ಟಿ ನೋಡಿ ಆಮೇಲೆ ಮಗುವನ್ನು ಕೂರಿಸಿ. ಬಿಸಿಲಿಗೆ ಕಾದಿರುತ್ತದೆ.

ಹುಲ್ಲಿನ ಮೇಲೆ ಮಗುವನ್ನು ಹಾಗೇ ಕೂರಿಸಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಜಾರ್ಜಿಯಾದ ತುಂಬಾ ಫೈರ್ ಆ್ಯಂಟ್ ಅನ್ನುವ ಕೆಂಪು ಇರುವೆ ಇದೆ. ಸಡಿಲವಾದ ಪುಡಿಮಣ್ಣಿನ ಗುಡ್ಡೆ ಕಂಡರೆ ಅದೇ ಅದರ ಗೂಡು. ಕಾಲಿಟ್ಟರೆ ನೂರಾರು ಒಟ್ಟಿಗೆ ಹತ್ತಿ ಕಚ್ಚುತ್ತವೆ. ಮಗುವಿಗೆ ಶೂ ಇರಲಿ, ಚಪ್ಪಲಿ ಬೇಡ. ಮರದಿಂದ ಬೂದು ಬಣ್ಣದ ಜಡೆಗಳಂತೆ ಇಳಿಬಿದ್ದಿರುತ್ತದಲ್ಲ ಸ್ಪ್ಯಾನಿಷ್ ಮಾಸ್, ಅದು ನಿಜವಾಗಿ ಅನಾನಸ್ ಕುಟುಂಬದ ಗಿಡ. ಮರದ ಮೇಲೆ ಇದ್ದಾಗ ನೋಡಲು ಚೆಂದ, ಆದರೆ ನೆಲಕ್ಕೆ ಬಿದ್ದದ್ದನ್ನು ಮಗುವಿನ ಕೈಗೆ ಕೊಡಬೇಡಿ, ಕಚ್ಚುವ ಸಣ್ಣ ಹುಳ ಸೇರಿರಬಹುದು. ಸೊಳ್ಳೆ ಓಡಿಸುವ ಡೀಟ್ ಅನ್ನುವ ರಾಸಾಯನಿಕ ಇರುವ ಲೋಷನ್ ಎರಡು ತಿಂಗಳು ದಾಟಿದ ಮಕ್ಕಳಿಗೆ ಹಚ್ಚಬಹುದು, ಪ್ರಮಾಣ ಶೇಕಡ 30 ಮೀರದಿರಲಿ. ನೈಸರ್ಗಿಕ ಅಂತ ಮಾರುವ ಲೆಮನ್ ಯೂಕಲಿಪ್ಟಸ್ ಎಣ್ಣೆ ಮಾತ್ರ ಮೂರು ವರ್ಷದೊಳಗಿನವರಿಗೆ ಬೇಡ.

ಸಂಜೆಗೆ ಎಲಿಸ್ ಚೌಕ ಇಟ್ಟುಕೊಳ್ಳಿ. ನೆಲದಿಂದಲೇ ನೀರು ಚಿಮ್ಮುವ ಕಾರಂಜಿ ಅಲ್ಲಿದೆ, ಊರಿನ ಮಕ್ಕಳೆಲ್ಲ ಅದರಲ್ಲಿ ಕುಣಿಯುತ್ತಿರುತ್ತಾರೆ. ಒಂದು ಜೊತೆ ಬಟ್ಟೆ, ಟವೆಲ್ ಮರೆಯಬೇಡಿ. ಈ ಚೌಕದ ಕತೆ ನನಗೆ ತುಂಬಾ ಇಷ್ಟ. ಇಲ್ಲಿ ಹಳೆಯ ಮಾರುಕಟ್ಟೆ ಇತ್ತು. 1954ರಲ್ಲಿ ಅದನ್ನು ಒಡೆದು ಹಾಕಿ ಕಾರು ನಿಲ್ಲಿಸುವ ಕಟ್ಟಡ ಕಟ್ಟಿದರು. ಜನರಿಗೆ ಸಿಟ್ಟು ಬಂತು. ಮುಂದೆ ಡ್ಯಾವೆನ್‌ಪೋರ್ಟ್ ಮನೆ ಅನ್ನುವ ಹಳೇ ಕಟ್ಟಡವನ್ನೂ ಒಡೆಯುತ್ತಾರೆ ಅಂದಾಗ ಏಳು ಜನ ಹೆಂಗಸರು ಸೇರಿ ದುಡ್ಡು ಕೂಡಿಸಿ ಅದನ್ನು ಉಳಿಸಿಕೊಂಡರು, 1955ರಲ್ಲಿ ಹಳೇ ಕಟ್ಟಡಗಳನ್ನು ಉಳಿಸುವ ಹಿಸ್ಟಾರಿಕ್ ಸವಾನಾ ಫೌಂಡೇಷನ್ ಹುಟ್ಟಿತು. ಇವತ್ತು ನಾವು ನೋಡುವ ಹಳೇ ಊರು ಉಳಿದದ್ದರಲ್ಲಿ ಅವರ ಪಾಲು ದೊಡ್ಡದು. ಎಷ್ಟೋ ವರ್ಷಗಳ ಮೇಲೆ ಆ ಪಾರ್ಕಿಂಗ್ ಕಟ್ಟಡವನ್ನೂ ಕೆಡವಿ, ಕಾರುಗಳನ್ನು ನೆಲದ ಕೆಳಗೆ ಕಳಿಸಿ, 2010ರಲ್ಲಿ ಚೌಕವನ್ನು ಮತ್ತೆ ಜನರಿಗೆ ಕೊಟ್ಟರು. ನಿಮ್ಮ ಕಾರೂ ಅದರ ಕೆಳಗೇ ನಿಲ್ಲಬಹುದು. ಬಿಸಿಲಲ್ಲಿ ಬೇಯದ ಕಾರು ಸಿಗುವುದು ಸಣ್ಣ ವಿಷಯ ಅಲ್ಲ.

ಕಾರಿನ ಮಾತು ಬಂತು, ಹೇಳಿಬಿಡುತ್ತೇನೆ. ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ. ಮಗು ನಿದ್ದೆ ಮಾಡಿದೆ, ಒಂದು ಐಸ್‌ಕ್ರೀಮ್ ತಂದುಬಿಡೋಣ ಅಂತ ಒಂದು ನಿಮಿಷಕ್ಕೂ ಬಿಟ್ಟು ಹೋಗಬೇಡಿ. ಕಾರ್ ಸೀಟಿನ ಲೋಹದ ಬಕಲ್ ಚರ್ಮ ಸುಡುತ್ತದೆ, ಮುಟ್ಟಿ ನೋಡಿ ಹಾಕಿ. ಬಿಸಿಲು ಬೀಳುತ್ತೆ ಅಂತ ಸ್ಟ್ರಾಲರ್ (ಮಗುವಿನ ತಳ್ಳುಗಾಡಿ) ಮೇಲೆ ಬಟ್ಟೆ ಹೊದಿಸುವುದೂ ಬೇಡ, ಒಳಗೆ ಗಾಳಿಯೇ ಆಡುವುದಿಲ್ಲ. ಅಳುವಾಗ ಕಣ್ಣೀರು ಬರದಿದ್ದರೆ, ಆರೆಂಟು ಗಂಟೆ ಡೈಪರ್ ಒದ್ದೆಯಾಗದಿದ್ದರೆ, ಮಗು ಮಂಕಾಗಿ ತೂಕಡಿಸುತ್ತಿದ್ದರೆ ಪ್ರವಾಸ ಅಲ್ಲಿಗೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಮಧ್ಯಾಹ್ನದ ಎ.ಸಿ. ಜಾಗಕ್ಕೆ ಜೆಪ್ಸನ್ ಸೆಂಟರ್ ಒಳ್ಳೆಯದು. ಕಲಾ ಮ್ಯೂಸಿಯಂ, ಮಕ್ಕಳು ಮುಟ್ಟಿ ಆಡುವ ಭಾಗ ಬೇರೆ ಇದೆ. ಸವಾನಾ ಚಿಲ್ಡ್ರನ್ಸ್ ಮ್ಯೂಸಿಯಂ ಅನ್ನುವ ಹೆಸರು ಕೇಳಿ ಅದೂ ಒಳಗೆ ಇರುತ್ತದೆ ಅಂದುಕೊಳ್ಳಬೇಡಿ. ಅದು ಹಳೇ ರೈಲ್ವೆಯ ಬಡಗಿ ಕಾರ್ಯಾಗಾರದ ಪಾಳು ಗೋಡೆಗಳ ನಡುವೆ ಬಯಲಲ್ಲಿದೆ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ ಬರಬೇಕು. ಪಕ್ಕದ ರೈಲು ಮ್ಯೂಸಿಯಂನಲ್ಲಿ ಇಂಜಿನ್ ತಿರುಗಿಸುವ ದೊಡ್ಡ ಚಕ್ರ ಇದೆ, ನಿಮ್ಮ ಮಗ ಅಲ್ಲಿಂದ ಕದಲುವುದು ಕಷ್ಟ.

ಇನ್ನೊಂದು ಮಾತು. ಮಗು ಇದೆ ಅಂತ ಈ ಊರಿನ ಕಷ್ಟದ ಚರಿತ್ರೆಯನ್ನು ಬಿಟ್ಟು ಬರಬೇಡಿ. ಜಾರ್ಜಿಯಾ ಶುರುವಾದಾಗ ಗುಲಾಮಗಿರಿಗೆ ನಿಷೇಧ ಇತ್ತು, 1751ರಲ್ಲಿ ಆ ನಿಷೇಧವನ್ನು ತೆಗೆದರು. ನೀವು ಮೆಚ್ಚುವ ಮಹಲುಗಳ ಹಿಂದೆ ಗುಲಾಮರ ದುಡಿಮೆ ಇದೆ. ಓಗಲ್‌ಥಾರ್ಪ್ ಚೌಕದ ಪಕ್ಕದಲ್ಲೇ ಓವೆನ್ಸ್-ಥಾಮಸ್ ಮನೆ ಇದೆ. ಮುಂದೆ 1819ರ ಸುಂದರ ಮನೆ, ಹಿಂದೆ ಗುಲಾಮರು ಇದ್ದ ಕೋಣೆಗಳು, ಎರಡನ್ನೂ ತೋರಿಸುತ್ತಾರೆ. ಜೆಪ್ಸನ್ ಟಿಕೆಟ್‌ನಲ್ಲೇ ಇದನ್ನೂ ನೋಡಬಹುದು. ಎಲಿಸ್ ಚೌಕದಿಂದ ಸ್ವಲ್ಪ ನಡೆದರೆ ಫ್ರ್ಯಾಂಕ್ಲಿನ್ ಚೌಕ, ಅಲ್ಲಿ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್. ಗುಲಾಮರಾಗಿದ್ದವರೇ ಕಟ್ಟಿದ ಚರ್ಚ್ ಅದು. ಅದರ ಮರದ ನೆಲದಲ್ಲಿ ಸಣ್ಣ ಸಣ್ಣ ತೂತುಗಳಿವೆ. ತಪ್ಪಿಸಿಕೊಂಡು ಬಂದವರು ಕೆಳಗೆ ಅಡಗಿರುತ್ತಿದ್ದರು, ಅವರ ಉಸಿರಾಟಕ್ಕೆ ಆ ತೂತುಗಳು ಅಂತ ಚರ್ಚಿನವರು ಹೇಳುತ್ತಾರೆ. ಮೂವರು ದೊಡ್ಡವರಿದ್ದೀರಿ. ಒಬ್ಬರು ಮಗುವಿನ ಜೊತೆ ಚೌಕದಲ್ಲಿರಿ, ಇಬ್ಬರು ಒಳಗೆ ಹೋಗಿ, ಆಮೇಲೆ ಬದಲಾಯಿಸಿಕೊಳ್ಳಿ. ಅತ್ತೆಯನ್ನು ಮಾತ್ರ ಮೂರೂ ದಿನ ಮಗು ನೋಡಿಕೊಳ್ಳಲು ಕೂರಿಸಬೇಡಿ. ಅವರೂ ಅಷ್ಟು ದೂರದಿಂದ ಬಂದವರು, ಅವರಿಗೂ ನೋಡುವ ಆಸೆ ಇರುತ್ತದೆ ಅಲ್ವಾ?

ದಾರಿ ಸುಮಾರು 250 ಮೈಲಿ. ದಾರಿಯಲ್ಲಿ ಸಿಗುವ ಮೇಕನ್ ಊರಿನಲ್ಲಿ ಇಳಿದು ಮಗುವನ್ನು ಓಡಾಡಿಸಿ, ಡೈಪರ್ ಬದಲಿಸಿ. ಅಲ್ಲಿಂದ ಮುಂದೆ ಐ-16 ಹೆದ್ದಾರಿಯಲ್ಲಿ ನಿಲ್ಲುವ ಜಾಗಗಳು ಕಡಿಮೆ.

ಪ್ರಶ್ನೆ: ಸವಾನಾಗೆ ಸ್ಟ್ರಾಲರ್ ಒಯ್ಯಬೇಕಾ, ಮಗುವನ್ನು ಕಟ್ಟಿಕೊಳ್ಳುವ ಕ್ಯಾರಿಯರ್ ಸಾಕಾ?
— ಓದುಗರು, ಶಾರ್ಲೆಟ್

ಉತ್ತರ: ಸ್ಟ್ರಾಲರ್ ಒಯ್ಯಿರಿ, ಚಕ್ರ ದೊಡ್ಡದಿರಲಿ. ಇಟ್ಟಿಗೆಯ ಫುಟ್‌ಪಾತ್‌ಗಳನ್ನು ಮರದ ಬೇರು ಅಲ್ಲಲ್ಲಿ ಎಬ್ಬಿಸಿರುತ್ತದೆ, ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಕ್ಯಾರಿಯರ್‌ನಲ್ಲಿ ನಿಮ್ಮ ಮೈ ಬಿಸಿಯೂ ಮಗುವಿಗೆ ತಾಗುವುದರಿಂದ ಜುಲೈನಲ್ಲಿ ಅದು ಹತ್ತು ನಿಮಿಷದ ಕೆಲಸಕ್ಕೆ ಮಾತ್ರ.

ಆ ಹತ್ತು ನಿಮಿಷ ಬರುವುದು ರಿವರ್ ಸ್ಟ್ರೀಟ್‌ನಲ್ಲಿ. ನದಿ ದಂಡೆಯ ಈ ಬೀದಿಗೆ ಹಾಸಿದ ಕಲ್ಲು ಹಿಂದೆ ಹಡಗುಗಳು ಭಾರಕ್ಕೆ ಅಂತ ಹೊತ್ತು ತಂದಿದ್ದು, ಒಂದೂ ಸಮ ಇಲ್ಲ. ಮೇಲಿನ ಬೇ ಸ್ಟ್ರೀಟ್‌ನಿಂದ ಇಳಿಯುವ ಹಳೇ ಕಲ್ಲಿನ ಮೆಟ್ಟಿಲು ಬಹಳ ಕಡಿದು. ಮಗು ಇದ್ದಾಗ ಅವು ಬೇಡ, ಲಿಫ್ಟ್ ಎಲ್ಲಿದೆ ಕೇಳಿಕೊಂಡು ಅದರಲ್ಲೇ ಇಳಿಯಿರಿ. ಕೆಳಗೆ ನದಿ ಅಂಚಿನ ನಡೆಯುವ ದಾರಿ ಚೆನ್ನಾಗಿದೆ. ಸವಾನಾ ದೊಡ್ಡ ಬಂದರು, ಹತ್ತು ಮಹಡಿ ಕಟ್ಟಡದಷ್ಟು ಎತ್ತರಕ್ಕೆ ಕಂಟೇನರ್ ಜೋಡಿಸಿದ ಹಡಗು ಕಣ್ಣೆದುರೇ ಹಾದು ಹೋಗುತ್ತದೆ. ಆಚೆ ದಡಕ್ಕೆ ಹೋಗಿ ಬರುವ ಸವಾನಾ ಬೆಲ್ಸ್ ಫೆರ್ರಿಗೆ ದುಡ್ಡಿಲ್ಲ. ಸುಮ್ನೆ ಹತ್ತಿ ಒಂದು ಸುತ್ತು ಬನ್ನಿ, ಗಾಳಿಯೂ ಸಿಗುತ್ತದೆ. ರಾತ್ರಿ ಹೊತ್ತು ಮಾತ್ರ ಆ ಬೀದಿ ಮಕ್ಕಳಿಗಲ್ಲ. ಮದ್ಯದ ಲೋಟ ಹಿಡಿದು ಬೀದಿಯಲ್ಲಿ ಓಡಾಡಲು ಆ ಊರಿನಲ್ಲಿ ಅನುಮತಿ ಇದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಮಗುವಿಗೆ ಏನು ತಿನ್ನಿಸೋದು?
— ಓದುಗರು, ಜಾಕ್ಸನ್‌ವಿಲ್

ಉತ್ತರ: ಫ್ರಿಜ್, ಮೈಕ್ರೋವೇವ್ ಇರುವ ರೂಮು ಹಿಡಿಯಿರಿ, ಸಣ್ಣ ರೈಸ್ ಕುಕ್ಕರ್ ಜೊತೆಗಿರಲಿ. ಆ ಸೆಕೆಗೆ ಮೊಸರನ್ನದಷ್ಟು ಹಿತ ಯಾವುದೂ ಇಲ್ಲ. ಹೊರಗೆ ತಿನ್ನುವುದಾದರೆ ಗ್ರಿಟ್ಸ್ ಕೇಳಿ. ಮೆಕ್ಕೆಜೋಳದ ತರಿಯನ್ನು ಬೇಯಿಸಿದ್ದು, ಹೆಚ್ಚುಕಡಿಮೆ ನಮ್ಮ ಜೋಳದ ನುಚ್ಚಿನ ಹಾಗೆ, ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ. ಚಿಕನ್ ಸ್ಟಾಕ್‌ನಲ್ಲಿ ಬೇಯಿಸಿದ್ದಾರಾ ಅಂತ ವಿಚಾರಿಸಿಯೇ ಆರ್ಡರ್ ಮಾಡಿ. ಕೊಲಾರ್ಡ್ ಸೊಪ್ಪು, ಹುರುಳಿಕಾಯಿ ಪಲ್ಯ ನೋಡಲು ನಮ್ಮದೇ ಅನ್ನಿಸುತ್ತವೆ, ಆದರೆ ದಕ್ಷಿಣದ ಅಡುಗೆಯಲ್ಲಿ ಅದಕ್ಕೆ ಹಂದಿ ಮಾಂಸ ಹಾಕುವುದು ವಾಡಿಕೆ. ಹಸಿರು ಕಂಡ ಮಾತ್ರಕ್ಕೆ ನಂಬಬೇಡಿ. ಬೇಯಿಸಿದ ಕಡಲೆಕಾಯಿ ರಸ್ತೆ ಬದಿ ಸಿಗುತ್ತದೆ, ನಿಮಗೆ ಊರು ನೆನಪಾಗುತ್ತದೆ, ಆದರೆ ಉಪ್ಪು ಜಾಸ್ತಿ, ಎರಡು ವರ್ಷದವರಿಗೆ ಇಡೀ ಬೀಜ ಗಂಟಲಲ್ಲಿ ಸಿಗುವ ಭಯವೂ ಇದೆ. ರಿವರ್ ಸ್ಟ್ರೀಟ್ ಮಿಠಾಯಿ ಅಂಗಡಿಗಳಲ್ಲಿ ರುಚಿ ನೋಡಲು ಕೊಡುವ ಪ್ರಲೀನ್‌ಗೂ ಇದೇ ಮಾತು, ಅದರ ತುಂಬಾ ಪೆಕಾನ್ ಬೀಜ. ಬ್ರಾಟನ್ ಸ್ಟ್ರೀಟ್‌ನ ಲಿಯೋಪೋಲ್ಡ್ಸ್ ಐಸ್‌ಕ್ರೀಮ್ 1919ರಲ್ಲಿ ಶುರುವಾದ ಹೆಸರು. ಸಂಜೆ ಸಾಲು ಉದ್ದ, ಊಟಕ್ಕೆ ಮುಂಚೆಯೇ ಹೋಗಿ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಹೋಗುತ್ತಿದ್ದೇನೆ. ಮೊಮ್ಮಗಳಿಗೆ ಒಂದೂವರೆ ವರ್ಷ. ಸವಾನಾ ಪಕ್ಕದ ಸಮುದ್ರ ತೋರಿಸಬಹುದೇ?
— ಓದುಗರು, ಮೈಸೂರು

ಉತ್ತರ: ಖಂಡಿತ ತೋರಿಸಿ ಸರ್. ಊರಿನಿಂದ ಸುಮಾರು 18 ಮೈಲಿ ದೂರದಲ್ಲಿ ಟೈಬಿ ದ್ವೀಪ. ಅಕ್ಟೋಬರ್‌ನಲ್ಲಿ ಸೆಕೆ ಇಳಿದಿರುತ್ತದೆ. ಆದರೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೊಣ ಆ ಕಾಲದಲ್ಲಿ ಕಾಡುತ್ತದೆ, ಮೊಮ್ಮಗಳಿಗೆ ತೆಳ್ಳನೆಯ ಉದ್ದ ತೋಳಿನ ಬಟ್ಟೆ ಹಾಕಿಸಿ. ದ್ವೀಪದ ಎರಡೂ ತುದಿಗಳಲ್ಲಿ ನೀರಿನ ಸೆಳೆತ ಜೋರು, ನೋಡಲು ಶಾಂತವಾಗಿದ್ದರೂ ಅಲ್ಲಿ ಇಳಿಯಬೇಡಿ. ಮಗುವಿನ ಕೈ ಹಿಡಿದೇ ಇರಬೇಕು, ಪಾದ ಮುಳುಗುವಷ್ಟು ನೀರಿನಲ್ಲೂ. ದೀಪಸ್ತಂಭಕ್ಕೆ 178 ಮೆಟ್ಟಿಲು, ನಿಮ್ಮ ಮಂಡಿ ಒಪ್ಪಿದರೆ ಹತ್ತಿ, ಮೊಮ್ಮಗಳು ಕೆಳಗಿರಲಿ.

ಮಗು ಮರಳಲ್ಲಿ ಗುಂಡಿ ತೋಡಿ ಆಡಿದರೆ ಹೊರಡುವ ಮುಂಚೆ ಮುಚ್ಚಿಬಿಡಿ. ಕಡಲಾಮೆಗಳು ಆ ದಂಡೆಯಲ್ಲಿ ಮೊಟ್ಟೆ ಇಡುತ್ತವೆ, ಅಕ್ಟೋಬರ್‌ವರೆಗೂ ಅವುಗಳ ಕಾಲ. ಗುಂಡಿಗೆ ಬಿದ್ದ ಮರಿ ಸಮುದ್ರ ತಲುಪುವುದಿಲ್ಲ.

ನವೆಂಬರ್ ಮುಗಿಯುವವರೆಗೆ ಚಂಡಮಾರುತದ ಕಾಲ, ಆದ್ದರಿಂದ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹೋಟೆಲನ್ನೇ ಮಗಳಿಗೆ ಹೇಳಿ ಹಿಡಿಸಿ. ದ್ವೀಪಕ್ಕೆ ಇರುವುದು ಹೈವೇ 80 ಒಂದೇ ರಸ್ತೆ. ಶರತ್ಕಾಲದ ದೊಡ್ಡ ಉಬ್ಬರಕ್ಕೆ ಅದರ ಮೇಲೆ ನೀರು ಬಂದು ಓಡಾಟ ನಿಲ್ಲುವುದುಂಟು. ಹೋಗುವ ದಿನದ ಉಬ್ಬರದ ಹೊತ್ತು ಯಾವುದು ಅಂತ ಮೊದಲೇ ನೋಡಿಕೊಂಡು, ಅದಕ್ಕೆ ಎರಡು ಗಂಟೆ ಮುಂಚೆಯೇ ದ್ವೀಪದಿಂದ ಹೊರಟುಬಿಡಿ.