ರೊಮೇನಿಯಾದ ತಿಮಿಶ್ವಾರದಲ್ಲಿ ಎರಡು ವರ್ಷ ಇರಬೇಕು, ಆ ಊರಲ್ಲಿ ಏನಾದ್ರೂ ಇದ್ಯಾ?

"ಕಂಪ್ನಿಯವ್ರು ಎರಡು ವರ್ಷಕ್ಕೆ ತಿಮಿಶ್ವಾರ ಅನ್ನೋ ಊರಿಗೆ ಕಳಿಸ್ತಿದಾರೆ, ಬುಕಾರೆಸ್ಟ್ ಆಗಿದ್ರೆ ಓಕೆ, ಇದು ಯಾವ್ದೋ ಜಿಲ್ಲಾ ಕೇಂದ್ರದ ಥರ ಊರಂತೆ, ನೋಡೋಕೆ ಏನಾದ್ರೂ ಇದ್ಯಾ, ಜನ ಹೇಗೆ" ಅಂತ ಕೇಳಿದೀರಿ. ನಾನೂ ಹೋಗೋ ಮುಂಚೆ ಹಿಂಗೇ ಮೂಗು ಮುರಿದಿದ್ದೆ. ಕಾರಿನ ಎಲೆಕ್ಟ್ರಾನಿಕ್ಸ್‌ಗೆ ಸಾಫ್ಟ್‌ವೇರ್ ಬರೆಯೋ ಕೆಲಸ ನಂದು, ಎರಡು ವರ್ಷ ಅಂತ ಹೋದೋನು ಮೂರೂವರೆ ವರ್ಷ ಇದ್ದು ಬಂದೆ. ಅಮ್ಮನಿಗೆ ಊರಿನ ಹೆಸರು ಹೇಳ್ದಾಗ "ತಿಮ್ಮೇಶ್ವರಾನಾ? ಯಾವ ದೇವ್ರೋ ಅದು" ಅಂದಿದ್ರು, ಇವತ್ತಿಗೂ ಅವ್ರ ಬಾಯಲ್ಲಿ ಅದು ತಿಮ್ಮೇಶ್ವರಾನೇ.

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಬಿಡ್ತೀನಿ, ಡ್ರಾಕುಲಾ, ಬೆಟ್ಟ, ಕರಡಿ ಅಂತ ಕನಸು ಕಾಣ್ಬೇಡಿ, ಅದೆಲ್ಲ ಪಕ್ಕದ ಟ್ರಾನ್ಸಿಲ್ವೇನಿಯಾ. ಇದು ಬನಾತ್ ಅನ್ನೋ ಸೀಮೆ, ದೇಶದ ಪಶ್ಚಿಮದ ತುದಿ, ರೊಟ್ಟಿ ಹಂಚಿನ ಥರ ಚಪ್ಪಟೆ ನೆಲ, ಸೈಕಲ್‌ಗೆ ಗೇರೇ ಬೇಡ. ಬುಕಾರೆಸ್ಟ್ 500 ಕಿಲೋಮೀಟರ್‌ಗಿಂತ ದೂರ, ಆದ್ರೆ ಸರ್ಬಿಯಾದ ಬೆಲ್‌ಗ್ರೇಡ್ 150ರ ಆಸುಪಾಸು, ಹಂಗೇರಿಯ ಬುಡಾಪೆಸ್ಟ್‌ಗೂ ರಾಜಧಾನಿಗಿಂತ ಬೇಗ ಹೋಗಬಹುದು. ಅಲ್ಲಿನವ್ರು ಬುಕಾರೆಸ್ಟ್ ಬಗ್ಗೆ ಮಾತಾಡೋವಾಗ ಯಾವ್ದೋ ದೂರದ ನೆಂಟರ ಬಗ್ಗೆ ಮಾತಾಡ್ದಂಗೆ ಮಾತಾಡ್ತಾರೆ, ಸಂಬಂಧ ಇದೆ, ಹೋಗಿ ಬರೋದು ಕಮ್ಮಿ.

ಊರಿನ ಮಧ್ಯ ಬೆಗಾ ಅಂತ ಹರಿಯತ್ತೆ. ನೋಡಿದ್ರೆ ನದಿ ಅನ್ಸಲ್ಲ, ಸ್ಕೇಲ್ ಇಟ್ಟು ಗೆರೆ ಎಳೆದಂಗಿದೆ, ಯಾಕಂದ್ರೆ ಅದು ನಿಜವಾಗ್ಲೂ ತೋಡಿದ ಕಾಲುವೆ. ಕಥೆ ಶುರುವಾಗೋದೇ ಇಲ್ಲಿಂದ. 1552ರಿಂದ 1716ರ ತನಕ ಊರು ಆಟೋಮನ್ ತುರ್ಕರ ಕೈಲಿತ್ತು, 1716ರಲ್ಲಿ ಸವಾಯ್‌ನ ಯೂಜೀನ್ ಅನ್ನೋ ಸೇನಾಪತಿ ಮುತ್ತಿಗೆ ಹಾಕಿ ಆಸ್ಟ್ರಿಯಾದ ಚಕ್ರವರ್ತಿಗೆ ಗೆದ್ದುಕೊಟ್ಟ. ಗೆದ್ದೋರಿಗೆ ಸಿಕ್ಕಿದ್ದೇನು ಅಂದ್ರೆ ಕೆಸರು, ಸೊಳ್ಳೆ, ಜ್ವರ. 1728ರಲ್ಲಿ ಕಾಲುವೆ ತೋಡೋಕೆ ಶುರು ಮಾಡಿ ಜೌಗು ನೀರನ್ನ ಹರಿಸಿ ಜಮೀನು ಮಾಡಿದ್ರು, ಉಳೋಕೆ ಜರ್ಮನ್ ನಾಡುಗಳಿಂದ ಬಡ ರೈತರನ್ನ ಉಲ್ಮ್ ಊರಿಂದ ಡ್ಯಾನ್ಯೂಬ್ ನದಿಲಿ ದೋಣಿ ಹತ್ತಿಸಿ ಕರ್ಕೊಂಬಂದ್ರು. ಇವ್ರನ್ನೇ ಬನಾತ್‌ನ ಸ್ವಾಬಿಯನ್ನರು ಅನ್ನೋದು. ಅವ್ರಲ್ಲೊಂದು ಮಾತಿದೆ, ಮೊದಲನೇ ತಲೆಮಾರಿಗೆ ಸಾವು, ಎರಡನೇದಕ್ಕೆ ಹಸಿವು, ಮೂರನೇದಕ್ಕೆ ರೊಟ್ಟಿ ಅಂತ. ನೆಲ ನೋಡಿದ್ರೆ ಇವತ್ತು ನಂಬೋಕಾಗಲ್ಲ, ಎಲ್ಲಿ ನೋಡಿದ್ರೂ ಗೋಧಿ, ಸೂರ್ಯಕಾಂತಿ.

ಆಮೇಲೆ ಊರು ಬೆಳೆದ ಪರಿ ನೋಡಿ. 1718ಕ್ಕೇ ಬಿಯರ್ ಫ್ಯಾಕ್ಟ್ರಿ, ಅಂದ್ರೆ ಕೋಟೆ ಹಿಡಿದು ಎರಡೇ ವರ್ಷಕ್ಕೆ, ಇದ್ರಲ್ಲೇ ಆದ್ಯತೆ ಗೊತ್ತಾಗತ್ತೆ ಬಿಡಿ. 1869ಕ್ಕೆ ಕುದುರೆ ಎಳೆಯೋ ಟ್ರಾಮ್. 1884ರ ನವೆಂಬರ್‌ನಲ್ಲಿ ಬೀದಿಗೆ ಕರೆಂಟ್ ದೀಪ, 731 ದೀಪ, ಯುರೋಪ್ ಖಂಡದ ಮೊದಲ ಊರು ನಾವೇ ಅಂತ ಸಿಕ್ಕಿಸಿಕ್ಕೋರಿಗೆ ಹೇಳ್ತಾರೆ. ಆಫೀಸಲ್ಲಿ ಒಬ್ಬ ಇದನ್ನ ಹೇಳ್ದಾಗ ನಾನು ಸುಮ್ನಿರದೆ "ನಮ್ಮ ಬೆಂಗಳೂರಿಗೂ 1905ರಲ್ಲೇ ಶಿವನಸಮುದ್ರದಿಂದ ಬಂತು" ಅಂದೆ. ಅವ್ನು ಬೆರಳಲ್ಲಿ ಲೆಕ್ಕ ಹಾಕಿ "ಇಪ್ಪತ್ತೊಂದು ವರ್ಷ ಲೇಟು" ಅಂದ. ಆಯ್ತಪ್ಪ.

ಈಗ ಜನ. 1910ರ ಜನಗಣತಿ ಪ್ರಕಾರ ಊರಲ್ಲಿ ಜರ್ಮನ್ನರು, ಹಂಗೇರಿಯನ್ನರು ಸೇರಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ, ರೊಮೇನಿಯನ್ನರು ಹತ್ತಕ್ಕೆ ಒಬ್ಬರು ಅಷ್ಟೇ. ಜೊತೆಗೆ ಸರ್ಬರು, ಯೆಹೂದಿಗಳು. ಮೊದಲ ಮಹಾಯುದ್ಧ ಆದ್ಮೇಲೆ ಬನಾತ್ ಸೀಮೇನ ಮೂರು ತುಂಡು ಮಾಡಿದ್ರು, ದೊಡ್ಡದು ರೊಮೇನಿಯಾಗೆ, ಒಂದು ಯುಗೋಸ್ಲಾವಿಯಾಗೆ, ಚೂರು ಹಂಗೇರಿಗೆ. ಪಿಯಾತ್ಸಾ ಉನಿರಿ ಅಂತ ಒಂದು ದೊಡ್ಡ ಚೌಕ ಇದೆ, ಅದ್ರ ಒಂದು ಪಕ್ಕ ಡೋಮ್ ಅನ್ನೋ ದೊಡ್ಡ ಕ್ಯಾಥೊಲಿಕ್ ಚರ್ಚ್, ಅದಕ್ಕೆ ಎದುರಾಗಿ ಸರ್ಬಿಯನ್ ಆರ್ಥೊಡಾಕ್ಸ್ ಚರ್ಚ್, ನಡುವೆ ಪ್ಲೇಗ್ ರೋಗದ ನೆನಪಿಗೆ ನಿಲ್ಲಿಸಿದ ಕಂಬ, ಸುತ್ತ ಕಾಫಿ ಕುಡಿಯೋರು. ನಾಲ್ಕು ಹೆಜ್ಜೆ ಆಚೆ ಯೆಹೂದಿಗಳ ಪ್ರಾರ್ಥನಾ ಮಂದಿರ, 1865ರ ಸಿನಗಾಗ್. ಮೊದಮೊದ್ಲು ಇದನ್ನ ನೋಡಿ ನಾನೂ "ಆಹಾ ಎಂಥ ಸೌಹಾರ್ದ" ಅಂತ ಫೋಟೋ ಹಾಕಿದ್ದೆ. ಆಮೇಲೆ ಗೊತ್ತಾಗಿದ್ದು, ಕಟ್ಟಡ ಇದೆ, ಕಟ್ಟಿದೋರಲ್ಲಿ ಮುಕ್ಕಾಲು ಪಾಲು ಜನ ಹೊರಟೋಗಿದಾರೆ ಅಂತ. 1945ರ ಜನವರಿಲಿ ಕೆಲಸ ಮಾಡೋ ವಯಸ್ಸಿನ ಜರ್ಮನ್ನರನ್ನ ಸೋವಿಯತ್ ಗಣಿಗಳಿಗೆ ಕೂಲಿಗೆ ಸಾಗಿಸಿದ್ರು. 1951ರಲ್ಲಿ ಗಡಿ ಹತ್ರ ಇದ್ದ ಸಾವಿರಾರು ಕುಟುಂಬಗಳನ್ನ, ರೊಮೇನಿಯನ್ನರೂ ಸೇರಿ, ದೇಶದ ಆಗ್ನೇಯ ಮೂಲೇಲಿರೋ ಬರಗನ್ ಬಯಲಿಗೆ ಒಯ್ದು ಬಿಸಾಕಿದ್ರು. ಆಮೇಲೆ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಸೆಸ್ಕು ಕಾಲದಲ್ಲಿ ಪಶ್ಚಿಮ ಜರ್ಮನಿ ಸರ್ಕಾರ ತಲೆಗೆ ಇಷ್ಟು ಸಾವಿರ ಮಾರ್ಕ್ ಅಂತ ದುಡ್ಡು ಕಟ್ಟಿ ಜರ್ಮನ್ನರನ್ನ ಬಿಡಿಸ್ಕೊಂಡ್ತು, ಸಂತೇಲಿ ದನ ಬಿಡಿಸ್ಕೊಂಡಂಗೆ, ಬೇರೆ ಪದ ಹೊಳೀತಿಲ್ಲ ನಂಗೆ. ಗಡಿ ತೆರೆದ ಮೇಲೆ 1990 ಒಂದೇ ವರ್ಷದಲ್ಲಿ ಲಕ್ಷಕ್ಕಿಂತ ಹೆಚ್ಚು ಜರ್ಮನ್ನರು ರೊಮೇನಿಯಾ ಬಿಟ್ರು. ಯೆಹೂದಿಗಳು ಬಹುಪಾಲು ಇಸ್ರೇಲ್‌ಗೆ.

ಆದ್ರೆ ವಿಚಿತ್ರ ಏನಂದ್ರೆ ಜನ ಹೋದ್ರೂ ಭಾಷೆ ಹೋಗಿಲ್ಲ. ಪಿಯಾತ್ಸಾ ವಿಕ್ಟೋರಿಯೆ ಚೌಕದ ತುದೀಲಿರೋ ಒಪೆರಾ ಕಟ್ಟಡದೊಳಗೆ ರೊಮೇನಿಯನ್, ಜರ್ಮನ್, ಹಂಗೇರಿಯನ್, ಮೂರು ಭಾಷೆಗೂ ಒಂದೊಂದು ಸರ್ಕಾರಿ ನಾಟಕ ಕಂಪ್ನಿ ಇದೆ, ಒಂದೇ ಸೂರಿನಡಿ. ಜರ್ಮನ್ ನಾಟಕಕ್ಕೆ ಹೋಗಿದ್ದೆ, ಮೇಲೆ ಪರದೆ ಮೇಲೆ ರೊಮೇನಿಯನ್‌ನಲ್ಲಿ ಸಾಲು ಬರತ್ತೆ, ನಂಗೆ ಎರಡೂ ಸರಿಯಾಗಿ ಬರದೆ ಎರಡೂ ಸೇರಿಸಿ ಅರ್ಧ ಅರ್ಥ ಆಯ್ತು. ನಿಕೊಲಾಸ್ ಲೆನಾವ್ ಅನ್ನೋ ಕವಿ ಹೆಸರಿನ ಜರ್ಮನ್ ಶಾಲೆ ಇದೆ, 2014ರಲ್ಲಿ ಕೆಮಿಸ್ಟ್ರಿ ನೊಬೆಲ್ ತಗೊಂಡ ಸ್ಟೆಫಾನ್ ಹೆಲ್ ಓದಿದ್ದು ಅಲ್ಲೇ. ಈಗ ಅಲ್ಲಿ ಓದೋ ಮಕ್ಕಳಲ್ಲಿ ಹೆಚ್ಚಿನೋರು ರೊಮೇನಿಯನ್ ಮನೆಯವ್ರು, ಸೀಟಿಗೆ ಪೈಪೋಟಿ. ಇನ್ನೊಂದು ತಮಾಷೆ, 2020ರಲ್ಲಿ ಊರವ್ರು ಮೇಯರ್ ಅಂತ ಆರಿಸಿದ್ದು ಡೊಮಿನಿಕ್ ಫ್ರಿಟ್ಸ್ ಅನ್ನೋ ಜರ್ಮನ್ ಪ್ರಜೆನ, ಜರ್ಮನಿಲೇ ಹುಟ್ಟಿದೋನು. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಊರಿನ ಚುನಾವಣೆಗೆ ನಿಲ್ಲಬಹುದಂತೆ. 2024ರಲ್ಲಿ ಮತ್ತೆ ಅವ್ನೇ ಗೆದ್ದ. ನಮ್ಮಲ್ಲಿ ಪಕ್ಕದ ಜಿಲ್ಲೆಯೋನು ಬಂದು ನಿಂತ್ರೇ ಹೊರಗಿನವನು ಅಂತೀವಿ.

ನಾನಿದ್ದಿದ್ದು ಯೋಸೆಫಿನ್ ಬಡಾವಣೆ ಹತ್ರ. ಟ್ರಾಮ್ ಹಿಡಿಯೋಕೆ ದಿನಾ ಪಿಯಾತ್ಸಾ ಮರಿಯಾಗೆ ನಡ್ಕೊಂಡು ಹೋಗ್ತಿದ್ದೆ. ದಾರೀಲಿ ಮೂಲೆಗೆ ಕಂದು ಇಟ್ಟಿಗೆಯ ಒಂದು ಹಳೇ ಕಟ್ಟಡ, ನೋಡಿದ್ರೆ ವಠಾರದ ಥರ, ಗೋಪುರ ಇಲ್ಲ ಏನಿಲ್ಲ. ನಾಲ್ಕು ತಿಂಗಳು ಅದ್ರ ಪಕ್ಕ ಮೊಬೈಲ್ ನೋಡ್ಕೊಂಡು ಹೋಗಿದೀನಿ. ಒಂದಿನ ಮಳೆ ಅಂತ ಗೋಡೆಗೆ ಒತ್ಕೊಂಡು ನಿಂತಾಗ ಫಲಕ ಕಣ್ಣಿಗೆ ಬಿತ್ತು, ನಾಲ್ಕು ಭಾಷೇಲಿ ಬರೆದಿದೆ, ಸರ್ವಾಧಿಕಾರಾನ ಕೊನೆ ಮಾಡಿದ ಕ್ರಾಂತಿ ಶುರುವಾಗಿದ್ದು ಇಲ್ಲೇ ಅಂತ. ಅದು ಹಂಗೇರಿಯನ್ನರ ರಿಫಾರ್ಮ್ಡ್, ಅಂದ್ರೆ ಪ್ರೊಟೆಸ್ಟೆಂಟ್ ಚರ್ಚ್. 1989ರ ಡಿಸೆಂಬರ್‌ನಲ್ಲಿ ಅಲ್ಲಿನ ಪಾದ್ರಿ ಲಾಸ್ಲೋ ತೋಕೆಶ್ ಸರ್ಕಾರದ ವಿರುದ್ಧ ಮಾತಾಡ್ತಾರೆ ಅಂತ ಅವ್ರನ್ನ ಮನೆಯಿಂದ ಎಬ್ಬಿಸೋಕೆ ನೋಡಿದ್ರು. 15ನೇ ತಾರೀಖು ಅವ್ರ ಸಭೆಯ ಹಂಗೇರಿಯನ್ ಜನ ಬಾಗಿಲಲ್ಲಿ ನಿಂತ್ರು. 16ಕ್ಕೆ ಅಕ್ಕಪಕ್ಕದ ರೊಮೇನಿಯನ್ನರೂ ಬಂದು ನಿಂತ್ರು, ರಸ್ತೆ ಎದುರಿಗೇ ಟ್ರಾಮ್ ಸ್ಟಾಪು, ಇಳಿದೋರು ಇಳಿದಂಗೇ ಗುಂಪಿಗೆ ಸೇರಿದ್ರು, ಟ್ರಾಮ್‌ಗಳು ನಿಂತೋದ್ವು, ಪಾದ್ರಿ ವಿಷ್ಯ ಹಿಂದಕ್ಕಾಗಿ ಚೌಸೆಸ್ಕು ಇಳೀಲಿ ಅನ್ನೋ ಕೂಗು ಮುಂದಾಯ್ತು. 17ಕ್ಕೆ ಸೈನ್ಯ ಗುಂಡು ಹಾರಿಸ್ತು. ನಲವತ್ತಕ್ಕಿಂತ ಹೆಚ್ಚು ಹೆಣಗಳನ್ನ ಆಸ್ಪತ್ರೆಯಿಂದ ರಾತ್ರೋರಾತ್ರಿ ಲಾರೀಲಿ ಬುಕಾರೆಸ್ಟ್‌ಗೆ ಸಾಗಿಸಿ ಸುಟ್ಟು ಬೂದಿನ ಚರಂಡಿಗೆ ಸುರಿದ್ರು, ಯಾರು ಸತ್ರು ಅನ್ನೋ ಗುರುತೇ ಇರಬಾರ್ದು ಅಂತ. ಅಷ್ಟಾದ್ರೂ 20ಕ್ಕೆ ಫ್ಯಾಕ್ಟ್ರಿ ಕೆಲಸಗಾರರೆಲ್ಲ ಒಪೆರಾ ಮುಂದೆ ಸೇರಿದ್ರು, ಸೈನ್ಯ ಬ್ಯಾರಕ್ಕಿಗೆ ವಾಪಸ್ ಹೋಯ್ತು, ಒಪೆರಾ ಬಾಲ್ಕನಿಯಿಂದ ಊರು ಸ್ವತಂತ್ರ ಅಂತ ಸಾರಿದ್ರು. ಬುಕಾರೆಸ್ಟ್ ಎದ್ದಿದ್ದು ಅದಾದ ಮೇಲೆ. ಅದಕ್ಕೇ ಅವ್ರು ರಾಜಧಾನಿನ ಹಂಗೆ ನೋಡೋದು ಅಂತ ನಂಗನ್ಸತ್ತೆ. ಅಂದಹಾಗೆ ಪಿಯಾತ್ಸಾ ಮರಿಯಾದಲ್ಲೇ ಒಂದು ಮೇರಿ ಮಾತೆ ಪ್ರತಿಮೆ ಇದೆ, 1514ರಲ್ಲಿ ರೈತರ ದಂಗೆಯ ನಾಯಕ ಗ್ಯೋರ್ಗಿ ದೋಜಾನ ಕಾದ ಕಬ್ಬಿಣದ ಸಿಂಹಾಸನದ ಮೇಲೆ ಕೂರಿಸಿ ಕೊಂದಿದ್ದು ಅದೇ ಜಾಗ ಅಂತ ಪ್ರತೀತಿ. ಏನು ಜಾಗಾನೋ ಅದು.

ನಮ್ಮ ಮನೆ ಓನರ್ ಅಜ್ಜಿಗೆ 1989ರಲ್ಲಿ ನಲವತ್ತರ ಹತ್ರ ವಯಸ್ಸು. ಕೇಳಿದ್ರೆ ಜಾಸ್ತಿ ಹೇಳ್ತಿರ್ಲಿಲ್ಲ, "ಬ್ರೆಡ್ ತರೋಕೆ ಹೋಗಿದ್ದೆ, ರಾತ್ರಿ ಬಂದೆ" ಅಷ್ಟೇ. ಅವ್ರಿಗೆ ಬಾಯಿಬಿಡಿಸ್ಬೇಕು ಅಂದ್ರೆ ಸೆಪ್ಟೆಂಬರ್ ಬರ್ಬೇಕು. ಸೆಪ್ಟೆಂಬರ್‌ನಲ್ಲಿ ಇಡೀ ಊರಿನ ಹಿತ್ತಿಲುಗಳಲ್ಲಿ ಬದನೆಕಾಯಿ, ಕೆಂಪು ದೊಣ್ಣೆಮೆಣಸಿನಕಾಯಿ ಸುಡ್ತಾರೆ, ಚಳಿಗಾಲಕ್ಕೆ ಜಕುಸ್ಕ ಅಂತ ಮಾಡಿ ಬಾಟ್ಲಿಗೆ ತುಂಬೋಕೆ. ಆ ವಾಸನೆ ಮೊದಲ ಸಲ ಕಿಟಕಿಯಿಂದ ಬಂದಾಗ ನಾನು ಲ್ಯಾಪ್‌ಟಾಪ್ ಬಿಟ್ಟು ಕೆಳಗೆ ಓಡಿದೀನಿ, ಥೇಟ್ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ವಾಸನೆ. ಅಜ್ಜಿ ಪಕ್ಕ ಕೂತು ಸಿಪ್ಪೆ ಸುಲಿದು ಕೊಟ್ಟೆ, ಬೆರಳೆಲ್ಲ ಮಸಿ. ನಾನೂ ಒಂದು ಬದನೆಕಾಯಿಗೆ ಹುಣಸೆರಸ, ಇಂಗಿನ ಒಗ್ಗರಣೆ ಹಾಕಿ ಕೊಟ್ಟೆ, ಬಾಯಿಗಿಟ್ಟು ಬಹಳ ಹೊತ್ತು ಯೋಚ್ನೆ ಮಾಡಿ "ಔಷಧಿನಾ?" ಅಂದ್ರು. ಅಂಥ ಹೆಂಗಸ್ರಿಗೆ ಎದುರು ಸಿಕ್ಕಾಗ "ಸರುತ್ ಮೂನ" ಅನ್ನಿ, ಕೈಗೆ ಮುತ್ತಿಡ್ತೀನಿ ಅಂತ ಅರ್ಥ, ಬಾಯಲ್ಲಿ ಅಂದ್ರೆ ಸಾಕು, ನಿಮ್ಮ ಬಾಡಿಗೆ ಒಂದು ವರ್ಷ ಏರಲ್ಲ. ನಮ್ಮ ವಯಸ್ಸಿನವ್ರು ಸಿಕ್ಕಾಗ ಬರೀ "ಸೆರ್ವುಸ್" ಅಂದ್ರೆ ಸಾಕು.

ನೀವು ಸಸ್ಯಾಹಾರಿನಾ ಅಂತ ಬರ್ದಿಲ್ಲ, ಆದ್ರೆ ಹೌದಾದ್ರೆ "ದೆ ಪೋಸ್ತ್" ಅನ್ನೋ ಎರಡು ಪದ ಬಾಯಿಪಾಠ ಮಾಡ್ಕೊಳ್ಳಿ. ಉಪವಾಸದ ಊಟ ಅಂತ. ಆರ್ಥೊಡಾಕ್ಸ್ ಜನ ಈಸ್ಟರ್‌ಗೂ ಕ್ರಿಸ್ಮಸ್‌ಗೂ ಮುಂಚೆ ವಾರಗಟ್ಲೆ ಮಾಂಸ, ಮೊಟ್ಟೆ, ಹಾಲು ಬಿಡ್ತಾರೆ, ಹಾಗಾಗಿ ವೆಜಿಟೇರಿಯನ್ ಅಂದ್ರೆ ಹುಬ್ಬು ಏರಿಸೋ ಹೋಟ್ಲಿನವ್ನು ದೆ ಪೋಸ್ತ್ ಅಂದ ತಕ್ಷಣ ಹುರುಳಿಕಾಯಿ, ಆಲೂಗಡ್ಡೆ, ಎಲೆಕೋಸು ತಂದಿಡ್ತಾನೆ. ಮಾಮೂಲಿ ಹೋಟ್ಲಲ್ಲೂ ನಡೆಯತ್ತೆ, ಮೀನು ಬೇಡ ಅಂತ ಒಂದು ಮಾತು ಸೇರಿಸಿ, ಕೆಲವು ಹಬ್ಬದ ದಿನ ಉಪವಾಸದಲ್ಲೂ ಮೀನಿಗೆ ರಿಯಾಯ್ತಿ ಇದೆ.

ಬೋರ್ ಆಗತ್ತಾ? ಭಾನುವಾರ ಆಗತ್ತೆ, ಸುಳ್ಳು ಹೇಳಲ್ಲ. ಊರಲ್ಲಿರೋದು ಎರಡೂವರೆ ಲಕ್ಷ ಜನ, ನಮ್ಮ ಲೆಕ್ಕಕ್ಕೆ ಏನೂ ಅಲ್ಲ. ಬೇಸಿಗೇಲಿ ಬೆಗಾ ದಂಡೆ ಹಿಡಿದು ಸೈಕಲ್ ದಾರಿ ಇದೆ, ಸರ್ಬಿಯಾ ಗಡಿವರೆಗೂ ಹೋಗತ್ತೆ, ಕಾಲುವೆಲಿ ಬಸ್ ಥರ ಓಡೋ ದೋಣಿಗಳೂ ಇವೆ. 2023ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಅಂತ ಮಾಡಿದ್ರು, ಆ ಹೆಸರಲ್ಲಿ ಎಷ್ಟೋ ಹಳೇ ಕಟ್ಟಡ ಬಣ್ಣ ಕಂಡ್ವು, ಫಾಬ್ರಿಕ್ ಬಡಾವಣೆಲಿ ಇನ್ನೂ ಗಾರೆ ಉದುರ್ತಾನೇ ಇದೆ, ನಂಗೆ ಅದೇ ಇಷ್ಟ. ಡಿಸೆಂಬರ್, ಜನವರಿ ಮಾತ್ರ ಕಷ್ಟ, ಹಿಮಕ್ಕಿಂತ ಮಂಜು ಜಾಸ್ತಿ, ನಾಲ್ಕೂವರೆಗೇ ಕತ್ತಲೆ.

ಮನೆ ಹುಡುಕೋವಾಗ ಎತ್ತರದ ಚಾವಣಿ, ಕೆತ್ತನೆ ಬಾಗಿಲು ನೋಡಿ ನನ್ನ ಥರ ಮರುಳಾಗ್ಬೇಡಿ. "ಸೆಂಟ್ರಾಲಾ" ಇದ್ಯಾ ಅಂತ ಮೊದ್ಲು ಕೇಳಿ, ಮನೆಗೇ ಅಂತ ಇರೋ ಗ್ಯಾಸ್ ಹೀಟಿಂಗ್ ಅದು, ಹೋದ ಚಳಿಗಾಲದ ಬಿಲ್ ತೋರಿಸಿ ಅನ್ನಿ. ಹದಿಮೂರು ಅಡಿ ಎತ್ತರದ ರೂಮನ್ನ ಬಿಸಿ ಮಾಡೋಕೆ ಮೊದಲ ವರ್ಷ ನಾನು ಕಟ್ಟಿದ ದುಡ್ಡಲ್ಲಿ ಊರಿಗೆ ಒಂದ್ಸಲ ಬಂದು ಹೋಗಬಹುದಿತ್ತು. ಮತ್ತೆ ಇಂಗು ಇಲ್ಲಿಂದಲೇ ತಗೊಂಡು ಹೋಗಿ, ಆದ್ರೆ ಡಬ್ಬಿ ಗಟ್ಟಿ ಮುಚ್ಚಿಡಿ.