ಪಂಜರಕ್ಕೆ ಒಂದೇ ಹಗ್ಗ ಸಾಕಾ?

ಪ್ರಶ್ನೆ: ಮೀನು ಸಾಕುವ ಪಂಜರಕ್ಕೆ ಲಂಗರಿನಿಂದ ಬಲೆಯವರೆಗೆ ಎಲ್ಲ ಕಡೆ ಪಾಲಿಪ್ರೊಪಿಲೀನ್ ಹಗ್ಗವನ್ನೇ ಹಾಕಿದ್ದೆವು. ಈಗ ನೀರಿನ ಮೇಲಿರುವ ಭಾಗ ಒರಟಾಗಿ ಪುಡಿ ಉದುರುತ್ತಿದೆ, ಒಳಗಿನದು ಚೆನ್ನಾಗೇ ಇದೆ. ಎಲ್ಲಾ ಬಿಚ್ಚಿ ನೈಲಾನ್ ಹಾಕಿಬಿಡಲಾ?

ಉತ್ತರ: ಸುಮ್ನೆ ಎಲ್ಲಾ ಬಿಚ್ಚಬೇಡಿ. ನಿಮ್ಮ ಹಗ್ಗ ತಿಂದಿದ್ದು ನೀರಲ್ಲ, ಬಿಸಿಲು. ಪಾಲಿಪ್ರೊಪಿಲೀನ್ ಅಗ್ಗ, ಹಗುರ, ನೀರಲ್ಲಿ ತೇಲುತ್ತದೆ. ಆದರೆ ಬಿಸಿಲು ತಡೆಯುವ ಅಂಶ ಬೆರೆಸಿರದಿದ್ದರೆ ಬೇಗ ಪುಡಿಯಾಗುತ್ತದೆ. ಮೇಲಿನ ಕಟ್ಟುಗಳಿಗೆ ಅಂಥದ್ದನ್ನು ಬೆರೆಸಿದ ಹಗ್ಗವನ್ನೇ ಕೇಳಿ ತನ್ನಿ.

ಇನ್ನು ಲಂಗರಿನ ಹಗ್ಗ. ಇಲ್ಲಿ ತೇಲುವ ಹಗ್ಗ ಸ್ವಲ್ಪ ಸಡಿಲಾದರೂ ಮೇಲೆ ಬಂದು ದೋಣಿಯ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ, ಹಾಗಾಗಿ ಮುಳುಗುವ ಹಗ್ಗವೇ ವಾಸಿ. ನೈಲಾನ್ ಮುಳುಗುತ್ತದೆ, ರಬ್ಬರಿನ ಹಾಗೆ ಹಿಗ್ಗುತ್ತದೆ, ಅಲೆ ಬಂದಾಗ ಆ ಜಗ್ಗಾಟವನ್ನು ತಾನೇ ನುಂಗಿಕೊಂಡು ಪಂಜರದ ಚೌಕಟ್ಟನ್ನು ಉಳಿಸುತ್ತದೆ. ಆದರೆ ನೆನೆದಾಗ ಅದರ ಬಲ ಶೇ. 10ರಿಂದ 15ರಷ್ಟು ಇಳಿಯುತ್ತದೆ, ಲೆಕ್ಕ ಹಾಕುವಾಗ ಅದನ್ನು ಕಳೆದೇ ಹಾಕಿ. ಮತ್ತೆ, ಬಿಗಿಯಾಗಿ ಎಳೆದ ನೈಲಾನ್ ಹರಿದರೆ ಚಾಟಿಯಂತೆ ವಾಪಸ್ ಬೀಸುತ್ತದೆ, ಅದರ ನೇರಕ್ಕೆ ಯಾರೂ ನಿಲ್ಲಬಾರದು! ಪಾಲಿಯೆಸ್ಟರ್ ಕೂಡ ಮುಳುಗುತ್ತದೆ, ಅಷ್ಟು ಹಿಗ್ಗುವುದಿಲ್ಲ, ನೆನೆದರೂ ಬಲ ಹಾಗೇ ಇರುತ್ತದೆ, ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ. ಅಲೆ ಕಡಿಮೆ ಇದ್ದು ಪಂಜರ ಜಾಗ ಬಿಟ್ಟು ಕದಲಬಾರದು ಅನ್ನೋ ಕಡೆ ನಾನಾದರೆ ಇದನ್ನೇ ಹಾಕುತ್ತೇನೆ. ತಳದಲ್ಲಿ ಮಾತ್ರ ಯಾವ ಹಗ್ಗವೂ ಬೇಡ, ಕಲ್ಲು ಮರಳಿಗೆ ಉಜ್ಜಿ ಸವೆಯುತ್ತದೆ. ಅಲ್ಲಿ ಒಂದಷ್ಟು ಉದ್ದ ಸರಪಳಿ ಇರಲಿ.

ಅಂದಹಾಗೆ, ಎಷ್ಟೇ ಒಳ್ಳೆ ಹಗ್ಗ ತಂದರೂ ಗಂಟು ಹಾಕಿದರೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತುದಿಯ ಎಳೆಗಳನ್ನು ಬಿಚ್ಚಿ ಹಗ್ಗದೊಳಕ್ಕೇ ಹೆಣೆದು ಕುಣಿಕೆ ಮಾಡಿದರೆ ಬಹುಪಾಲು ಬಲ ಉಳಿಯುತ್ತದೆ. ಕುಣಿಕೆಯೊಳಗೆ ಲೋಹದ ಥಿಂಬಲ್ (ಹಗ್ಗ ಕೂರಲು ಅಂಚಿನಲ್ಲಿ ತೋಡು ಇರುವ ಬಳೆ) ಕೂರಿಸಿ, ಇಲ್ಲದಿದ್ದರೆ ಕಬ್ಬಿಣದ ಕೊಂಡಿ ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಹಗ್ಗವನ್ನು ಕೊಯ್ದುಬಿಡುತ್ತದೆ.

ನೀರೊಳಗಿನ ಹಗ್ಗ ಹೊರಗಿಂದ ನೋಡಿ ನಂಬಬೇಡಿ. ಪಾಚಿ ಕೆರೆದು, ಹುರಿ ಬಿಡಿಸಿ ಎಳೆಗಳ ನಡುವೆ ಇಣುಕಿ ನೋಡಿ. ಮರಳು ಸೇರಿಕೊಂಡಿದ್ದರೆ ಅಥವಾ ನಾರು ತುಂಡಾಗಿ ನುಣ್ಣನೆ ಪುಡಿ ಉದುರಿದರೆ, ಆ ತುಂಡನ್ನು ಮುಂದಿನ ಗಾಳಿಮಳೆಗೆ ಮೊದಲೇ ಬದಲಾಯಿಸಿ.